ಟೆನ್ನಿಸ್ ಬ್ಯಾಟುಗಳನ್ನು ಹಗೇವಿನಲ್ಲಿ ಇಡದಿರುವ ಬಗ್ಗೆ

ಸರಕಾರ-ಎ-ಆಲಿ
ಮುಕ್ಕಾಮು ಮತ್ತು ಸರಂಜಾಮು ದಫ್ತರ, ಸುಬಾ ಕಲಬುರಗಿ

ಸುತ್ತೋಲೆ ಸಂಖ್ಯೆ: ಮು.ಸ./ಬ್ಯಾಟು/೪೭
ಅಮರ್ದಾದ್ ಮಾಹೆ, ಫಸಲಿ ೧೩೩೧

(ಅಸಲು ಉರ್ದುವಿನಲ್ಲಿದೆ. ಕನ್ನಡ ಬಲ್ಲ ನೌಕರರ ಹಾಗೂ ಕಮಲಾಪುರದ ರಯತರ ತಿಳಿವಳಿಕೆಗಾಗಿ ಈ ತರ್ಜುಮೆ. ಎರಡರಲ್ಲಿ ಭೇದ ಕಂಡುಬಂದಲ್ಲಿ ದಫ್ತರದ ಮುಖ್ಯಸ್ಥರಾದ ನಾಜಿಮ ಸಾಹೇಬರ ಮನಸ್ಸಿನಲ್ಲಿದ್ದುದೇ ಅಸಲು ಎಂದು ತಿಳಿಯತಕ್ಕದ್ದು.)

ವಿಷಯ: ದಫ್ತರದ ಟೆನ್ನಿಸ್ ಬ್ಯಾಟುಗಳನ್ನು ಬಿಸಿಲಿನಿಂದಲೂ ಚಳಿಯಿಂದಲೂ ಕಾಪಾಡುವುದು, ಹಾಗೆ ಕಾಪಾಡುವಾಗ ಮನುಷ್ಯರು ಅಡ್ಡ ಬಂದಲ್ಲಿ ಅನುಸರಿಸತಕ್ಕ ಕ್ರಮ.

ಉಲ್ಲೇಖ: (ಅ) ಚಳಿಗಾಲದಲ್ಲಿ ನಾಜಿಮ ಸಾಹೇಬರು ಬಾಯಿಮಾತಿನಲ್ಲಿ ಕೊಟ್ಟ ಹುಕುಂ. (ಆ) ಬೇಸಿಗೆಯಲ್ಲಿ ಅವರೇ ಕೊಟ್ಟ, ಮೇಲಿನದಕ್ಕೆ ವಿರುದ್ಧವಾದ ಹುಕುಂ. (ಇ) ಕಮಲಾಪುರದ ಪಟೇಲ ದೌಲಪ್ಪನವರ ಅಂಗಳದಲ್ಲಿ ನಡೆದ ಸಂಗತಿ.

ಪ್ರಸ್ತಾವನೆ

ನಾಜಿಮ ಸಾಹೇಬರು ಐವಾನ್-ಎ-ಶಾಹಿ ಬಂಗಲೆಯ ಪಕ್ಕದ ಮೈದಾನದಲ್ಲಿ ಸಂಜೆ ಹೊತ್ತು ಆಡುವ ಸಲುವಾಗಿ ಈ ದಫ್ತರಕ್ಕೆ ವಿಲಾಯತಿ ಟೆನ್ನಿಸ್ ಬ್ಯಾಟುಗಳನ್ನು ತರಿಸಲಾಗಿದ್ದು, ಅವುಗಳ ಪಾಲನೆಯನ್ನು ಶಹಾಬಜಾರದ ನಿವಾಸಿ, ಫರಾಶ ಸಿಕಂದರ್ ಇವರಿಗೆ ಒಪ್ಪಿಸಲಾಗಿತ್ತು. ಡೇರೆ ಹೊಡೆಯುವುದು, ಜಮಖಾನೆ ಹಾಸುವುದು, ಕಂದೀಲು ಒರೆಸುವುದು ಫರಾಶನ ಕೆಲಸ. ಬ್ಯಾಟು ಸಾಕುವುದು ಅದರಲ್ಲಿ ಸೇರಿದೆಯೆಂದು ಎಲ್ಲಿಯೂ ಬರೆದಿಲ್ಲ. ಸೇರಿಲ್ಲವೆಂದೂ ಬರೆದಿಲ್ಲವಾದ್ದರಿಂದ ಸೇರಿದೆಯೆಂದೇ ತಿಳಿಯಲಾಯಿತು.

ಕಳೆದ ಚಳಿಗಾಲದಲ್ಲಿ ಬ್ಯಾಟುಗಳಿಗೆ ಥಂಡಿ ತಗಲಬಾರದೆಂದು ಹುಕುಂ ಆಯಿತು. ತತ್ಪ್ರಯುಕ್ತ ಫರಾಶನಿಗೆ ದಫ್ತರದಿಂದ ಕೊಟ್ಟಿದ್ದ ಕಂಬಳಿಯನ್ನು ಹಿಂಪಡೆದು ಬ್ಯಾಟುಗಳಿಗೆ ಹೊದಿಸಲಾಯಿತು. ಅಷ್ಟು ಸಾಲದೆಂದು ಮಗ್ಗುಲಲ್ಲಿ ಸಿಗಡಿಯಿಟ್ಟು ಕೆಂಡ ಹಾಕಲಾಗಿ, ಒಂದು ಬ್ಯಾಟಿನ ಕಟ್ಟಿಗೆ ಕಾದು ಬಾಗಿ ಸೌಟಿನಂತಾಯಿತು. ಬೇಸಿಗೆ ಹತ್ತಿದ ಮೇಲೆ ಉಳಿದವನ್ನು ತಗಡಿನ ಪೆಟ್ಟಿಗೆಗೆ ಹಾಕಿ ಪಡಸಾಲೆಯಲ್ಲಿ ಇಡಲಾಯಿತು. ಕಲಬುರಗಿಯ ಬಿಸಿಲಿಗೆ ಪೆಟ್ಟಿಗೆ ಕಾಯ್ದು, ಒಳಗಿನ ತಂತಿಗಳು ಒಂದೊಂದಾಗಿ ಟಪ್ ಟಪ್ಪೆಂದು ಕಡಿಯತೊಡಗಿದವು. ಕೂಡಲೇ ಅವುಗಳನ್ನು ಲಾವಂಚದ ತಟ್ಟಿ ಕಟ್ಟಿ ನೀರು ಹೊಡೆಯುತ್ತಿದ್ದ ಗುಮಾಸ್ತರ ಕೋಣೆಗೆ ಸಾಗಿಸಿ, ಗುಮಾಸ್ತರನ್ನು ಪಡಸಾಲೆಗೆ ಸಾಗಿಸಲಾಯಿತು. ತಟ್ಟಿಯ ಹಸಿಗೆ ಉಳಿದ ತಂತಿಗಳು ಜೋಲುಬಿದ್ದವು. ಗುಮಾಸ್ತರ ಬಗ್ಗೆ ವರದಿ ಬಂದಿಲ್ಲ.

ಹೊಸ ತಂತಿ ಬಿಗಿಸಿ ತಂದ ದಿನ ನಾಜಿಮ ಸಾಹೇಬರು ಪೇಶಕಾರ ಮಂಜೂರ್ ಸಾಹೇಬರನ್ನು ಕರೆದು, ಬಿಸಿಲು ಬೀಳದ, ನೀರು ಮುಟ್ಟದ, ಗಾಳಿಯೂ ಆಡದ ಒಂದು ಜಾಗ ಹುಡುಕತಕ್ಕದ್ದೆಂದು ಆಜ್ಞಾಪಿಸಿದರು. ಪೇಶಕಾರರೆಂದರೆ ಕಾಗದಗಳನ್ನು ನಾಜಿಮರ ಮುಂದಿಡುವವರು. ಅಂಥ ಜಾಗ ಗೋರಿ ಒಂದೇ ಎಂದು ಅವರು ತಮ್ಮ ಮನಸ್ಸಿನಲ್ಲಿ ಅಂದುಕೊಂಡರೇ ಹೊರತು ಕಾಗದದಲ್ಲಿ ಬರೆಯಲಿಲ್ಲ.

ಖುರ್ದಾದ್ ಮಾಹೆಯಲ್ಲಿ, ಅಂದರೆ ಕಡುಬೇಸಿಗೆಯಲ್ಲಿ, ದಫ್ತರದ ಮುಕ್ಕಾಮು ಕಮಲಾಪುರಕ್ಕೆ ಹೋಯಿತು. ಹೈದರಾಬಾದಿನಿಂದ ಬರಲಿದ್ದ ಮೆಹಮಾನರೊಬ್ಬರ ಜೊತೆ ಆಟವಾಡುವುದು ನಿಶ್ಚಯವಾಗಿದ್ದರಿಂದ, ಬಾಳೆತೋಟಗಳ ಪಕ್ಕದ ಬಯಲಿನಲ್ಲಿ ಬಲೆ ಕಟ್ಟಿ, ಬ್ಯಾಟುಗಳನ್ನೂ ಬಂಡಿಯಲ್ಲಿ ಒಯ್ಯಲಾಗಿತ್ತು. ಪಟೇಲ ದೌಲಪ್ಪನವರ ಅಂಗಳದಲ್ಲಿ ಹಗೇವು, ಅಂದರೆ ಜೋಳ ತುಂಬಿಡುವ ನೆಲದ ಕುಣಿ, ಆಗ ಬರಿದಾಗಿತ್ತು. ತಳದಲ್ಲಿ ಒಂದಿಷ್ಟು ಹಳೆಯ ಜೋಳ ಮಾತ್ರ ಉಳಿದಿತ್ತು. ಮಂಜೂರ್ ಸಾಹೇಬರು ಬಗ್ಗಿ ನೋಡಿ, ಕೈ ಇಳಿಬಿಟ್ಟು, ತಂಪಾಗಿದೆಯೆಂದು ಸಂತೋಷಪಟ್ಟರು.

ಮುಂದಿನ ಮಾತುಕತೆಯನ್ನು ವಿಚಾರಣೆಯಲ್ಲಿ ಆಡಿದಂತೆಯೇ ಬರೆದುಕೊಳ್ಳಲಾಗಿದೆ. ದಫ್ತರದ ಭಾಷೆಗೆ ತಿದ್ದಲು ಯತ್ನಿಸಲಾಗಿ, ಸಾಧ್ಯವಾಗಲಿಲ್ಲ.

ಪಟೇಲರ ಹೆಂಡತಿ ಶಂಕ್ರಮ್ಮನವರು, "ನಾವು ಅದರಾಗ ಉಣ್ಣೋ ಜ್ವಾಳ ತುಂಬ್ತೀವ್ರಿ ಸಾಹೇಬ್ರ. ಆ ಬಡಿಗಿಗಿ ಬಿಗದದ್ದು ಏನದು?" ಎಂದು ಕೇಳಿದರು.

ಮಂಜೂರ್ ಸಾಹೇಬರು, "ತಂತಿ," ಎಂದರು.

"ಎದರ ತಂತಿ?"

"ವಿಲಾಯತಿ ತಂತಿ."

ಫರಾಶ ಸಿಕಂದರನನ್ನು ಯಾರೂ ಕೇಳಿರಲಿಲ್ಲ. ಆತ ಬೆಳಿಗ್ಗೆ ಆ ಮನೆಯ ಮಜ್ಜಿಗೆ ಕುಡಿದಿದ್ದ. "ಕುರಿ ಕರುಳ ಅದ ಅವ್ವಾ," ಎಂದು ಹೇಳಿಬಿಟ್ಟ.

ಶಂಕ್ರಮ್ಮನವರು ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಅವರದು ಲಿಂಗ ಕಟ್ಟಿದ ಮನೆತನ. ದೌಲಪ್ಪನವರು ಮೆಲ್ಲಗೆ, "ಮುಂದಿನ ಸುಗ್ಗಿಗಿ ಇದರಾಗ ಜ್ವಾಳ ಹ್ಯಾಂಗ ತುಂಬಲ್ರಿ?" ಎಂದರು.

"ಸುಗ್ಗಿ ದೂರ ಅದ ಪಟೇಲ್ರ. ನಾಜಿಮ ಸಾಹೇಬ್ರು ಹತ್ರ ಇದ್ದಾರ," ಎಂದು ಮಂಜೂರ್ ಸಾಹೇಬರು ಸಮಾಧಾನ ಹೇಳಿದರು.

ಬ್ಯಾಟುಗಳನ್ನು ಬುಟ್ಟಿಯಲ್ಲಿಟ್ಟು ಕುಣಿಗೆ ಇಳಿಸಿ, ಬಾಯಿಗೆ ಕಲ್ಲು ಮುಚ್ಚಿ, ಸಂದಿಗೆಲ್ಲ ಮಣ್ಣು ಮೆತ್ತಿ, ಅರಗಿನ ಮೊಹರು ಒತ್ತಲಾಯಿತು. ಬುಟ್ಟಿಯ ಹಗ್ಗ ಹೊರಗೆ ಉಳಿದರೆ ಮೊಹರು ಸರಿಯಾಗಿ ಕೂಡುವುದಿಲ್ಲವೆಂದು ಅದನ್ನೂ ಒಳಕ್ಕೆ ಬಿಡಲಾಯಿತು.

ಮೂರು ದಿನ ಕಳೆದು ಇಳಿಹೊತ್ತಿಗೆ ಮೆಹಮಾನರು ಬಂದರು. ನಾಜಿಮ ಸಾಹೇಬರು ಬಿಳಿ ಪೋಷಾಕು ತೊಟ್ಟು ಬಲೆಯ ಬಳಿ ನಿಂತು, ಬ್ಯಾಟು ತರಲು ಹೇಳಿಕಳಿಸಿದರು. ಮೊಹರು ಒಡೆದು ಕಲ್ಲು ಸರಿಸಿದ ಕೂಡಲೇ ಶಂಕ್ರಮ್ಮನವರು, "ಜರಾ ಹೊತ್ತು ಬಿಡ್ರಿ, ಗಾಳಿ ಆಡ್ಲಿ. ಮೊದಲ ಕಂದೀಲ ಇಳಿಸಿ ನೋಡ್ರಿ. ಕಂದೀಲ ಉರದ್ರ ಮನುಷ್ಯಾ ಇಳೀಲಿ," ಎಂದರು.

ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂಡುವುದು ಕಮಲಾಪುರದಲ್ಲಿ ಎಲ್ಲರಿಗೂ ಗೊತ್ತು. ಮಂಜೂರ್ ಸಾಹೇಬರಿಗೂ ಗೊತ್ತಿತ್ತೆಂದು ವಿಚಾರಣೆಯಲ್ಲಿ ತಿಳಿದುಬಂದಿದೆ. ಅವರ ಸೋದರಮಾವನ ಮನೆಯಲ್ಲೂ ಹಗೇವು ಇತ್ತು. ಅವರು, "ಎಷ್ಟೊತ್ತು ಆಗ್ತದ?" ಎಂದರು.

"ಅದು ಗಾಳಿಗಿ ಬಿಟ್ಟದ್ದು."

"ಸಾಹೇಬ್ರು ಬಿಳಿ ಬಟ್ಟಿ ಹಾಕ್ಕೊಂಡು ನಿಂತಾರ, ಅಮ್ಮಾ."

ಸಿಕಂದರ್ ಇಬ್ಬರ ಮುಖವನ್ನೂ ನೋಡಿ, ತಲೆಯ ರುಮಾಲು ಬಿಚ್ಚಿಟ್ಟ. "ಇರ್ಲಿ ಬಿಡ್ರಿ. ಹಂಗ ಬಗ್ಗಿ ತಗೊಂಡು ಬಂದೇ ಬಿಡ್ತೀನಿ," ಎಂದ. ಶಂಕ್ರಮ್ಮನವರು ಒಳಗೆ ಹೋಗಿ ಬಾವಿಯ ಹಗ್ಗ ತಂದರು. "ಸೊಂಟಕ್ಕ ಕಟ್ಟಿಕೋ. ಕಟ್ಟಿಕೊಳ್ಳಲ್ಲಂದ್ರ ನನ್ನ ಅಂಗಳ ಬಿಟ್ಟು ನಡಿ," ಎಂದರು. ಆತ ನಕ್ಕು, ಕೈ ಎತ್ತಿ ನಿಂತ. ಅವರೇ ಕಟ್ಟಿದರು.

ಇಳಿದವನು ಒಳಗಿನಿಂದ, "ಹಿಟ್ಟು ಹುಳಿ ಬಂದಂಗ ವಾಸ್ನಿ ಅದ," ಎಂದ. ಆಮೇಲೆ ಮಾತು ಬರಲಿಲ್ಲ. ದೌಲಪ್ಪನವರು ಕರೆದರು, ಓಗೊಡಲಿಲ್ಲ. ಕಂದೀಲು ಇಳಿಬಿಟ್ಟರೆ ಅರ್ಧಕ್ಕೇ ಆರಿಹೋಯಿತು. ಪಟೇಲರೂ ನೆರೆಮನೆಯ ಗಂಡಸರೂ ಸೇರಿ ಹಗ್ಗ ಜಗ್ಗಿದರು. ಮೇಲೆ ಬಂದವನ ಮುಖ ಬೂದಿಯಾಗಿತ್ತು, ತುಟಿ ನೀಲಿಗಟ್ಟಿತ್ತು. ಕಟ್ಟೆಯ ಮೇಲೆ ಮಲಗಿಸಿ, ಅಂಗಿ ಹರಿದು, ಮುಖಕ್ಕೆ ನೀರು ಚಿಮುಕಿಸಿ, ಶಂಕ್ರಮ್ಮನವರು ಮೊರದಿಂದ ಗಾಳಿ ಬೀಸಿದರು. ಬಹಳ ಹೊತ್ತು ಬೀಸಿದರು. ಕೈ ಸೋತಾಗ ದೌಲಪ್ಪನವರು ಬೀಸಿದರು. ಕಡೆಗೆ ಆತ ಕೆಮ್ಮಿ, ವಾಂತಿ ಮಾಡಿಕೊಂಡು, ಕಣ್ಣು ತೆರೆದ.

"ಬ್ಯಾಟು ಬಂದವಾ?" ಎಂದು ಕೇಳಿದ.

"ನೀ ಬಂದಿ. ಸಾಕು," ಎಂದರು ಶಂಕ್ರಮ್ಮ.

ಸದರಿ ಉತ್ತರವು ಕೇಳಿದ ಪ್ರಶ್ನೆಗೆ ಸಂಬಂಧಿಸಿಲ್ಲವೆಂದು ದಫ್ತರವು ಗಮನಿಸಿದೆ. ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿದ ತರುವಾಯ, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

೧. ಒಂದೇ ಕುಣಿಯಲ್ಲಿ ಸರಕಾರಿ ಬ್ಯಾಟುಗಳೂ ಸರಕಾರಿ ನೌಕರನೂ ಇರುವ ಸಂದರ್ಭದಲ್ಲಿ ಯಾವುದನ್ನು ಮೊದಲು ಎತ್ತಬೇಕೆಂದು ದಫ್ತರವನ್ನು ಕೇಳಿ ತಿಳಿಯತಕ್ಕದ್ದು. ಕಮಲಾಪುರದಲ್ಲಿ ಯಾರನ್ನೂ ಕೇಳದೆ ಮನುಷ್ಯನನ್ನು ಎತ್ತಲಾಗಿದೆ. ಹಳ್ಳಿಗರಿಗೆ ಕಾನೂನಿನ ತಿಳಿವಳಿಕೆ ಇಲ್ಲವೆಂಬ ಕಾರಣಕ್ಕೆ ಈ ಬಾರಿ ಅದನ್ನು ಮನ್ನಿಸಲಾಗಿದೆ.

೨. ಬಾವಿಯ ಹಗ್ಗ ಖಾಸಗಿ ಸೊತ್ತು. ಸರಕಾರಿ ನೌಕರನನ್ನು ಖಾಸಗಿ ಹಗ್ಗದಿಂದ ಕಟ್ಟುವುದು, ಜಗ್ಗುವುದು, ಜಗ್ಗಿ ಬದುಕಿಸುವುದು ನಿಯಮಬಾಹಿರ. ದಫ್ತರದ ಹಗ್ಗವನ್ನು ಅರ್ಜಿ ಕೊಟ್ಟು ಪಡೆಯಬಹುದು. ಸದ್ಯ ದಫ್ತರದಲ್ಲಿ ಇದ್ದ ಹಗ್ಗವನ್ನು ಟೆನ್ನಿಸ್ ಬಲೆ ಕಟ್ಟಲು ಬಳಸಲಾಗಿದೆ.

೩. ಕಂದೀಲು ಅರ್ಧಕ್ಕೇ ಆರಿದ್ದು ಗಾಳಿ ಕೆಟ್ಟಿದ್ದರಿಂದ ಎಂದು ಪಟೇಲರು ಹೇಳಿರುತ್ತಾರೆ. ಗಾಳಿಯು ಯಾವ ಖಾತೆಗೆ ಸೇರಿದ್ದೆಂಬುದು ಇತ್ಯರ್ಥವಾಗುವವರೆಗೆ, ಕಂದೀಲು ಕಂದೀಲಿನ ತಪ್ಪಿನಿಂದ ಆರಿತೆಂದೇ ಬರೆದುಕೊಳ್ಳತಕ್ಕದ್ದು.

೪. ಸಿಕಂದರ್ ಕಣ್ಣು ತೆರೆದ ಮೇಲೆ, ಹೊತ್ತು ಮುಳುಗುವ ಮೊದಲು ಒಂದಾದರೂ ಬ್ಯಾಟು ಸಿಕ್ಕೀತೆಂದು ಪೇಶಕಾರರು ನೆರೆಮನೆಯ ಇನ್ನೊಬ್ಬನಿಗೆ ಇಳಿಯಲು ಹೇಳಿದರು. ಆಗ ಪಟೇಲ ದೌಲಪ್ಪನವರು ಕಲ್ಲನ್ನು ಹಗೇವಿನ ಬಾಯಿಗೆ ಎಳೆದು ಅದರ ಮೇಲೆ ಕುಳಿತರು. "ಇದು ನಮ್ಮಪ್ಪ ತೋಡಿದ ಹಗೇವು. ಇವತ್ತ ಇದರಾಗ ಯಾರೂ ಇಳಿಯಂಗಿಲ್ಲ. ಇಳೀಲೇಬೇಕಂದ್ರ ನೀವ ಇಳೀರಿ, ಹಗ್ಗ ನಾ ಹಿಡೀತೀನಿ," ಎಂದರು. ಪೇಶಕಾರರು ಹಗ್ಗವನ್ನು ನೋಡಿದರು, ಪಟೇಲರನ್ನು ನೋಡಿದರು, ಇಳಿಯಲಿಲ್ಲ. ಇನ್ನು ಮುಂದೆ ಪಟೇಲರು ಕರ್ತವ್ಯದ ವೇಳೆಯಲ್ಲಿ ಕುರ್ಚಿಯ ಹೊರತು ಬೇರೆ ಯಾವುದರ ಮೇಲೂ ಕೂಡತಕ್ಕದ್ದಲ್ಲ.

೫. ತಡವಾದ ಕಾರಣ ನಾಜಿಮ ಸಾಹೇಬರೂ ಮೆಹಮಾನರೂ ತಾವೇ ಅಂಗಳಕ್ಕೆ ಬಂದರು. ಮೆಹಮಾನರು ಕಟ್ಟೆಯ ಮೇಲೆ ಮಲಗಿದ್ದವನನ್ನೂ, ಮೊರ ಹಿಡಿದಿದ್ದ ಹೆಣ್ಣುಮಗಳನ್ನೂ, ಕಲ್ಲಿನ ಮೇಲೆ ಕುಳಿತಿದ್ದ ಪಟೇಲರನ್ನೂ ಕಂಡು, ಏನಾಯಿತೆಂದು ವಿಚಾರಿಸಿದರು. ಯಾರೂ ಹೇಳದ್ದರಿಂದ ಸಿಕಂದರನೇ ಹೇಳಿದ. ಮೆಹಮಾನರು, "ನನಗೆ ಆಡುವ ಮನಸ್ಸಿಲ್ಲ," ಎಂದು ಉರ್ದುವಿನಲ್ಲಿ ನುಡಿದು, ಅಂದೇ ಹಿಂದಿರುಗಿದರು. ಮೆಹಮಾನರಿಗೆ ತಲೆನೋವು ಬಂದಿತ್ತೆಂದು ದಾಖಲಿಸಲಾಗಿದೆ. ನಾಜಿಮ ಸಾಹೇಬರ ಬಿಳಿ ಪೋಷಾಕು ಬಳಕೆಯಾಗದೆ ಉಳಿದದ್ದಕ್ಕೆ ದಫ್ತರವು ವಿಷಾದಿಸುತ್ತದೆ. ಈ ಘಟನೆಯಲ್ಲಿ ದಫ್ತರವು ವಿಷಾದಿಸಿದ್ದು ಇದೊಂದಕ್ಕೇ ಎಂದು ಸ್ಪಷ್ಟಪಡಿಸಲಾಗಿದೆ.

೬. ಮರುದಿನ ಹಗೇವಿನ ಬಾಯಿ ತೆರೆದಿಟ್ಟು, ಎಲೆಯ ಟೊಂಗೆಗಳನ್ನು ಇಳಿಸಿ ಏರಿಸಿ ಗಾಳಿ ಆಡಿಸಿ, ಕಂದೀಲು ತಳದಲ್ಲೂ ಉರಿಯುವುದನ್ನು ನೋಡಿದ ನಂತರ ಬ್ಯಾಟುಗಳನ್ನು ತೆಗೆಯಲಾಯಿತು. ಕುಣಿಯ ಕಾವಿಗೂ ಹಸಿಗೂ ಕಟ್ಟಿಗೆ ಉಬ್ಬಿ, ತಂತಿ ಸಡಿಲಾಗಿ, ಜಾಳಿಗೆಯ ಕಣ್ಣುಗಳಲ್ಲಿ ಮುಗ್ಗಿದ ಜೋಳ ಸಿಕ್ಕಿಕೊಂಡಿತ್ತು. ಒಂದರಲ್ಲಿ ನುಸಿ ಹೊಕ್ಕಿತ್ತು. ಹಗೇವು ತಂಪಿನ ಜಾಗವೆಂಬುದು ಬಾಯಿ ಬಳಿ ಕೈಯಿಟ್ಟು ನೋಡಿದ ಅಭಿಪ್ರಾಯವಾಗಿದ್ದು, ತಳದ ಅಭಿಪ್ರಾಯ ಬೇರೆ ಎಂದು ಕಂಡುಬಂದಿದೆ.

೭. ಬ್ಯಾಟಿನ ತಂತಿ ಯಾವುದರದೆಂದು ರಯತರು ಕೇಳಿದಲ್ಲಿ "ದಾರ" ಎಂದು ಹೇಳತಕ್ಕದ್ದು. ಎಂಥ ದಾರವೆಂದು ಕೇಳಿದಲ್ಲಿ "ಉದ್ದನೆಯ ದಾರ" ಎನ್ನತಕ್ಕದ್ದು. ಕೇಳಿದ್ದಕ್ಕೆ ನಿಜ ಹೇಳುವ ನೌಕರರನ್ನು ಹಗೇವು ಇರುವ ಊರುಗಳ ಮುಕ್ಕಾಮಿಗೆ ಕಳಿಸತಕ್ಕದ್ದಲ್ಲ. ಎಲ್ಲ ಊರುಗಳಲ್ಲೂ ಹಗೇವುಗಳಿವೆ.

೮. ಸುದ್ದಿ ತಿಳಿದು ಫರಾಶನ ಹೆಂಡತಿ ಚಾಂದಬಿಯವರು ಶಹಾಬಜಾರದಿಂದ ಬಂಡಿ ಮಾಡಿಸಿಕೊಂಡು ಕಮಲಾಪುರಕ್ಕೆ ಬಂದರು. ಗಂಡನ ಹಣೆ ಮುಟ್ಟಿ ನೋಡಿ, ಶಂಕ್ರಮ್ಮನವರ ಎರಡೂ ಕೈ ಹಿಡಿದುಕೊಂಡು ನಿಂತರು. ಪೇಶಕಾರರು, ಫರಾಶನು ಹೊರಡುವ ಮುನ್ನ ಕೆಟ್ಟ ಬ್ಯಾಟುಗಳನ್ನು ತನ್ನ ಸ್ವಾಧೀನಕ್ಕೆ ತೆಗೆದುಕೊಂಡು ಹೋಗಬೇಕೆಂದರು. ಚಾಂದಬಿಯವರು, "ಬಂಡ್ಯಾಗ ಒಬ್ಬ ಮನುಷ್ಯಾ ಮಲಗೋ ಅಷ್ಟು ಜಾಗ ಅದರಿ ಸಾಬ್. ಬ್ಯಾಟು ಮಲಗಿಸ್ಬೇಕೋ, ನನ್ನ ಗಂಡನ್ನ ಮಲಗಿಸ್ಬೇಕೋ, ನೀವ ಹೇಳ್ರಿ," ಎಂದರು. ಪೇಶಕಾರರು ನಿಯಮ ನೋಡಿ ಹೇಳುವೆನೆಂದರು. ಅಷ್ಟರಲ್ಲಿ ಬಂಡಿ ಹೋಗಿತ್ತು. ಇನ್ನು ಮುಂದೆ ಬಂಡಿಗಳು ನಿಯಮ ನೋಡಿ ಮುಗಿಯುವವರೆಗೆ ಕಾಯತಕ್ಕದ್ದು.

೯. ದೌಲಪ್ಪನವರ ಹಗೇವು ಮೇಲ್ಕಂಡಂತೆ ಅನರ್ಹವಾದ ಕಾರಣ, ಬೇರೊಂದನ್ನು ಪರೀಕ್ಷಿಸಿ ನೋಡಲು ಕಮಲಾಪುರದ ಮನೆಮನೆಗೂ ಹೋಗಿ ಕೇಳಲಾಯಿತು. ಎಲ್ಲರ ಹಗೇವೂ ತುಂಬಿದೆ ಎಂಬ ಉತ್ತರ ಬಂತು. ಒಬ್ಬ ಮುದುಕಿ ಬಾಗಿಲಲ್ಲೇ ನಿಂತು, "ತುಂಬ್ಯಾದಪ್ಪ. ಬಗ್ಗಿ ನೋಡಬ್ಯಾಡ, ಬಿದ್ದೀ," ಎಂದಳು. ಖುರ್ದಾದಿನಲ್ಲಿ ಇಷ್ಟೊಂದು ಜೋಳ ಉಳಿದಿರುವುದು ಸೋಜಿಗವೆಂದು ಕಂದಾಯ ನೋಡುವ ಮಾಲ್ ಖಾತೆಗೆ ಬರೆಯಲಾಗಿ, ಕಮಲಾಪುರದಲ್ಲಿ ಈಗ ಜೋಳವೇ ಇಲ್ಲವೆಂದು ಆ ಖಾತೆಯಿಂದ ಉತ್ತರ ಬಂದಿದೆ. ಆದಕಾರಣ ಕಮಲಾಪುರದ ಹಗೇವುಗಳು ಏನೂ ಇಲ್ಲದುದರಿಂದ ತುಂಬಿವೆ ಎಂದು ತೀರ್ಮಾನಿಸಲಾಗಿದೆ.

೧೦. ಇನ್ನು ಮುಂದೆ ಬ್ಯಾಟುಗಳನ್ನು, ಕಟ್ಟಿಗೆ ಬಾಗದಂತೆ ಶಿಕಂಜ ಎಂಬ ತಿರುಪಿನ ಚೌಕಟ್ಟಿನಲ್ಲಿ ಬಿಗಿದು, ಬಿಸಿಲು ಬೀಳುವ ಗೋಡೆಗೆ ಒರಗಿಸದೆ, ಸಿಗಡಿಯ ಬಳಿ ಇಡದೆ, ಹಸಿ ನೆಲಕ್ಕೆ ತಾಗಿಸದೆ, ಮನುಷ್ಯನೊಬ್ಬ ಬೇಸಿಗೆಯಲ್ಲೂ ಚಳಿಯಲ್ಲೂ ಸುಖವಾಗಿ ಕೂಡಬಹುದಾದ ಕೋಣೆಯಲ್ಲಿ ಮಾತ್ರ ಇಡತಕ್ಕದ್ದು. ದಫ್ತರದಲ್ಲಿ ಅಂಥ ಕೋಣೆ ಒಂದೇ ಇದ್ದು, ಅದು ನಾಜಿಮ ಸಾಹೇಬರ ಮಲಗುವ ಕೋಣೆಯಾಗಿದೆ. ಬ್ಯಾಟುಗಳು ಮುಗ್ಗಿದ ಜೋಳದ ವಾಸನೆ ಬೀರುತ್ತಿರುವುದರಿಂದ ಬೇಗಂ ಸಾಹೇಬರು ಒಪ್ಪಿಲ್ಲ. ನೌಕರರ ಕೋಣೆಗಳಲ್ಲಿ ಯಾವುದಾದರೊಂದು ಸುಖವಾಗಿದೆಯೇ ಎಂದು ಇದೇ ಮೊದಲ ಬಾರಿಗೆ ತಪಾಸಣೆ ಮಾಡಲಾಗಿ, ಇಲ್ಲವೆಂದು ತಿಳಿದುಬಂದಿದೆ. ಬ್ಯಾಟುಗಳ ಹಿತದೃಷ್ಟಿಯಿಂದ ಇದು ಅತ್ಯಂತ ಕಳವಳಕಾರಿ.

೧೧. ಫರಾಶ ಸಿಕಂದರ್ ಚೇತರಿಸಿಕೊಂಡು ದಫ್ತರಕ್ಕೆ ಹಾಜರಾದ. ಓಡಿದರೆ ಇನ್ನೂ ಏದುಸಿರು ಬರುತ್ತದೆ. ಬ್ಯಾಟುಗಳನ್ನು ಮತ್ತೆ ವಹಿಸಿಕೊಳ್ಳಲು ತಿಳಿಸಿದಾಗ ಆತ ಹೊಸ್ತಿಲಲ್ಲೇ ನಿಂತು, "ಡೇರಿ ಹೊಡೀತೀನಿ, ಜಮಖಾನಿ ಹಾಸ್ತೀನಿ, ಸಾಬ್. ಬ್ಯಾಟು ಮುಟ್ಟಂಗಿಲ್ಲ," ಎಂದು ಹೇಳಿದ. ದನಿ ಏರಿಸಲಿಲ್ಲ. ಅಲ್ಲಿದ್ದ ಉಳಿದ ಫರಾಶರನ್ನು ಒಬ್ಬೊಬ್ಬರನ್ನಾಗಿ ಕೇಳಲಾಗಿ, ಒಬ್ಬೊಬ್ಬರೂ ಅದನ್ನೇ ಹೇಳಿದರು. ನೀರು ಹೊರುವವನನ್ನು ಕೇಳಲಾಗಿ, ಅವನೂ ಅದನ್ನೇ ಹೇಳಿದ. ಎಲ್ಲರನ್ನೂ ತೆಗೆದುಹಾಕುವ ಹುಕುಂ ತಯಾರಾಗಿತ್ತು. ಆದರೆ ಮರುದಿನ ನಾಜಿಮ ಸಾಹೇಬರ ಮುಕ್ಕಾಮು ಹೊರಡಬೇಕಿತ್ತು, ಡೇರೆಯ ಗೂಟ ಯಾವ ಕಡೆ ಬಡಿಯಬೇಕೆಂದು ದಫ್ತರದ ಅಧಿಕಾರಿಗಳಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಹುಕುಮನ್ನು ಹಿಂಪಡೆಯಲಾಗಿದೆ. ಫರಾಶರು ಬ್ಯಾಟು ಮುಟ್ಟತಕ್ಕದ್ದಲ್ಲವೆಂದು ದಫ್ತರವು ತಾನಾಗಿಯೇ, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ನಿಷೇಧಿಸಿದೆ.

೧೨. ಹೀಗಾಗಿ ಬ್ಯಾಟುಗಳ ಪಾಲನೆಗೆ ಯಾರೂ ಉಳಿಯದ ಕಾರಣ, ಸದರಿ ಹೊಣೆಯನ್ನು ಈ ಸುತ್ತೋಲೆಗೆ ಸಹಿ ಮಾಡುವ ಅಧಿಕಾರಿಗೇ ವಹಿಸಲಾಗಿದೆ. ಅವರು ಬೇಸಿಗೆಯಲ್ಲಿ ಬ್ಯಾಟುಗಳಿಗೆ ಬೀಸಣಿಗೆ ಬೀಸತಕ್ಕದ್ದು. ಮಳೆಗಾಲದಲ್ಲಿ ಒಣಬಟ್ಟೆಯಿಂದ ಒರೆಸತಕ್ಕದ್ದು. ಚಳಿಯಲ್ಲಿ ತಮ್ಮ ಶಾಲನ್ನು ಹೊದಿಸತಕ್ಕದ್ದು. ಬ್ಯಾಟುಗಳನ್ನು ಎಲ್ಲಿ ಇಟ್ಟರೂ ಅವರು ಅಲ್ಲಿಯೇ ಪಕ್ಕದಲ್ಲಿ ಕೂಡತಕ್ಕದ್ದು. ಜಾಗ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಬ್ಯಾಟುಗಳ ಸ್ಥಿತಿಯಿಂದ ತಿಳಿಯತಕ್ಕದ್ದೇ ಹೊರತು ಅವರ ಸ್ಥಿತಿಯಿಂದಲ್ಲ.

ಈ ಸುತ್ತೋಲೆಯು ಕೈಸೇರಿದ ಗಳಿಗೆಯಿಂದಲೇ ಜಾರಿಯಲ್ಲಿರುತ್ತದೆ. ಅರ್ಥವಾಗದವರು ಹಿಂತಿರುಗಿಸುವ ಅಗತ್ಯವಿಲ್ಲ.

ನಾಜಿಮ ಸಾಹೇಬರ ಹುಕುಮಿನ ಮೇರೆಗೆ,

(ಸಹಿ) ಮಂಜೂರ್
ಪೇಶಕಾರ, ಹಾಗೂ ಮುಂದಿನ ಹುಕುಮಿನವರೆಗೆ ಬ್ಯಾಟುಪಾಲಕ
ಮುಕ್ಕಾಮು ಮತ್ತು ಸರಂಜಾಮು ದಫ್ತರ, ಕಲಬುರಗಿ

ಪ್ರತಿಗಳು:

ನಾಜಿಮ ಸಾಹೇಬರ ಖಾಸಗಿ ಕೋಣೆಗೆ: ಅವಗಾಹನೆಗಾಗಿ. ಅವರು ಈಗ ಟೆನ್ನಿಸ್ ಬಿಟ್ಟು ಬಿಲಿಯರ್ಡ್ಸ್ ಕಲಿಯುತ್ತಿದ್ದಾರೆ.

ಮೆಹಮಾನರಿಗೆ, ಹೈದರಾಬಾದು: ತಲೆನೋವು ಇಳಿದಿದೆಯೇ ಎಂದು ವಿಚಾರಿಸುವ ಸಲುವಾಗಿ.

ಮಾಲ್ ಖಾತೆಗೆ: ಜೋಳದ ವಿಷಯ ಮಾತ್ರ.

ಪಟೇಲ ದೌಲಪ್ಪನವರಿಗೆ, ಕಮಲಾಪುರ: ಹಗೇವಿನ ಕಲ್ಲಿನ ಮೇಲೆ ಅಂಟಿಸಲು. (ಚಪರಾಸಿಯ ಷರಾ: ಕಲ್ಲು ಸಿಗಲಿಲ್ಲ. ಕುಣಿಗೆ ಮಣ್ಣು ತುಂಬಿ ಕೆಂಪು ಬಾಳೆ ಹಚ್ಚಿದ್ದಾರೆ.)

ಫರಾಶ ಸಿಕಂದರನಿಗೆ, ಶಹಾಬಜಾರ: ಮನೆಯವರ ಮುಖಾಂತರ. (ಚಪರಾಸಿಯ ಷರಾ: ಚಾಂದಬಿಯವರು ಕೂಡಿಸಿ ನೀರು ಕೊಟ್ಟರು. ಪ್ರತಿಯನ್ನು ತೆಗೆದುಕೊಳ್ಳಲಿಲ್ಲ.)